ತಮ್ಮನ ಗ್ಲೈಡರು, ಏಳನೆಯ ಸಾಲು

ದಿನಾ ಬೆಳಿಗ್ಗೆ ಅರ್ಜಿ ಬರೆದುಕೊಡುವ ನನ್ನ ಅಂಗಡಿಯ ಬಾಗಿಲೆತ್ತಿ, ಕಂಪ್ಯೂಟರಿನ ಮುಂದೆ ಊದುಬತ್ತಿ ಹಚ್ಚಿಟ್ಟ ಮೇಲೆ ನಾನು ಮೊದಲು ತೆರೆಯುತ್ತಿದ್ದದ್ದು ಗಿರಾಕಿಗಳ ಪಹಣಿಯನ್ನಲ್ಲ. ದೆಹಲಿಯ ವಿಮಾನ ಇಲಾಖೆಯವರ ಜಾಲತಾಣದಲ್ಲಿ ದೇಶದ ವಿಮಾನಗಳ ನೋಂದಣಿ ಪಟ್ಟಿಯೊಂದಿದೆ. ಯಾರು ಬೇಕಾದರೂ ನೋಡಬಹುದು. ದೊಡ್ಡ ದೊಡ್ಡ ಕಂಪನಿಗಳ ಜೆಟ್ಟು, ಹೆಲಿಕಾಪ್ಟರುಗಳ ನಡುವೆ ಒಂದು ಸಾಲಿನಲ್ಲಿ ನನ್ನ ಚಿಕ್ಕಪ್ಪನ ಮಗನ ಹೆಸರಿದೆ. ವಿಧ, ಗ್ಲೈಡರ್. ಇಂಜಿನ್, ಇಲ್ಲ. ಆಸನ, ಎರಡು. ಮಾಲೀಕರು, ಅವನು. ವಿಳಾಸದ ಜಾಗದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರು. ಆ ಒಂದು ಸಾಲನ್ನು ನಾನು ಹೆಚ್ಚುಕಡಿಮೆ ಒಂದು ವರ್ಷ ದಿನಾ ಓದಿದ್ದೇನೆ. ಹುಳುಕು ಹಲ್ಲಿಗೆ ನಾಲಿಗೆ ಹೋಗಿ ಹೋಗಿ ತಾಗುತ್ತದಲ್ಲ, ಹಾಗೆ.

ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಕರೆಯುವ ಅಭ್ಯಾಸ ನನಗಿಲ್ಲ. ದಾಯಾದಿ ಮತ್ಸರ ಎಂದು ಹಿರಿಯರು ಹೇಳಿದ್ದು ನಮ್ಮಂಥವರನ್ನು ನೋಡಿಯೇ. ಹೊಲದ ಬದು, ಬಾವಿಯ ನೀರು, ದಾರಿಯ ಹಕ್ಕು ಇವುಗಳಲ್ಲಿ ನಮ್ಮಿಬ್ಬರಿಗೆ ಒಂದು ದಿನವೂ ಮಾತು ಬಂದಿಲ್ಲ. ಅವನು ನನಗಿಂತ ಒಂದು ವರ್ಷ ಚಿಕ್ಕವನು, ನಾನು ಅವನನ್ನು ತಮ್ಮ ಎಂದೇ ಕರೆಯುವುದು. ಅವನು ಟ್ರ್ಯಾಕ್ಟರು ತಂದಾಗ, ಮಾಳಿಗೆ ಮನೆ ಕಟ್ಟಿಸಿದಾಗ ನನಗೇನೂ ಆಗಲಿಲ್ಲ. ಗ್ಲೈಡರು ತಂದಾಗ ಮಾತ್ರ ಹೊಟ್ಟೆಯಲ್ಲಿ ಕೆಂಡ ಬಿತ್ತು. ಯಾಕೆಂದರೆ ಆಕಾಶ ಮೊದಲು ನನ್ನದಾಗಿತ್ತು.

ಮೈಸೂರಿನಲ್ಲಿ ಕಾಲೇಜು ಓದುವಾಗ ನಾನು ಕೆಡೆಟ್ ಪಡೆಯ ವಿಮಾನ ವಿಭಾಗದಲ್ಲಿದ್ದೆ. ಎರಡು ವರ್ಷ ಗ್ಲೈಡರನ್ನು ಮೇಲೇರಿಸುವ ಹಗ್ಗ ಎಳೆದೆ, ಅದರ ರೆಕ್ಕೆಯ ತುದಿ ಹಿಡಿದುಕೊಂಡು ಓಡಿದೆ. ಕೊನೆಗೆ ಒಂದು ದಿನ ಶಿಕ್ಷಕರ ಜೊತೆ ಹನ್ನೊಂದು ನಿಮಿಷ ಮೇಲೆ ಹೋಗಿಬಂದೆ. ಮತ್ತೆಂದೂ ಹೋಗಲಿಲ್ಲ. ಆ ಹನ್ನೊಂದು ನಿಮಿಷವನ್ನು ಮೂವತ್ತು ವರ್ಷ ಕೂತು ಉಂಡಿದ್ದೇನೆ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲಿ ನಾಲ್ಕು ಜನ ಚಾಪೆ ಹಾಸಿ ಕೂತರೂ ನಾನು ಆ ಕತೆ ತೆಗೆಯುತ್ತಿದ್ದೆ. “ಹಗ್ಗ ಕಳಚ್ಕೊಂಡ್ಮೇಲೆ ಸದ್ದೇ ಇರಲ್ಲ ಕಣ್ರೀ. ಗಾಳಿ ಬಂದು ಕಿವೀಲಿ ಗುಟ್ಟು ಹೇಳ್ದಂಗಿರ್ತದೆ” ಎನ್ನುವುದು ಅದರ ಮುಖ್ಯವಾದ ಮಾತು. ಅದನ್ನು ಹೇಳುವ ಮುಂಚೆ ಎಲೆಅಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದೆ.

ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದವನು ತಮ್ಮ. ಅವನು ಪಿಯುಸಿಗೆ ಓದು ಬಿಟ್ಟು ಹೊಗೆಸೊಪ್ಪಿಗೆ ಇಳಿದವನು. ಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟಿ ಒಟ್ಟಿ ಕಣ್ಣು ಕೆಂಪಾಗಿರುತ್ತಿತ್ತು. ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುವನು: “ಇಳಿಯೋವಾಗ ಭಯ ಆಗ್ಲಿಲ್ವಾ ಅಣ್ಣ?” ನಾನು ಪ್ರತಿ ಸಲವೂ ನಕ್ಕು, “ನಿಂಗೆ ಅದೆಲ್ಲ ಗೊತ್ತಾಗಲ್ಲ ಬುಡು” ಅನ್ನುತ್ತಿದ್ದೆ. ಪಾಪ ಎಂದುಕೊಳ್ಳುತ್ತಿದ್ದೆ.

ಅವನ ತಾಯಿಯ ಕಡೆಯಿಂದ ಬಂದ ಬೀಚನಹಳ್ಳಿಯ ಜಮೀನು ಹಿನ್ನೀರಿನ ಅಂಚಿನಲ್ಲಿತ್ತು. ಅದನ್ನು ರೆಸಾರ್ಟಿನವರು ಗುತ್ತಿಗೆಗೆ ತೆಗೆದುಕೊಂಡ ಮೇಲೆ ಅವನಿಗೆ ಪುರುಸೊತ್ತು ಬಂತು. ಪುರುಸೊತ್ತು ಬಂದವರು ಕಾಶಿಗೆ ಹೋಗುತ್ತಾರೆ, ಇಲ್ಲ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾರೆ. ಇವನು ಐವತ್ತರ ಹತ್ತಿರದ ವಯಸ್ಸಿನಲ್ಲಿ ಯಾರಿಗೂ ಹೇಳದೆ ಹೊರರಾಜ್ಯದ ಗ್ಲೈಡಿಂಗ್ ಕ್ಲಬ್ಬಿಗೆ ಮೂರು ಚಳಿಗಾಲ ಹೋಗಿಬಂದ. ನಾವು ಸಕ್ಕರೆ ಕಾಯಿಲೆಗೆ ಪ್ರಕೃತಿ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದೆವು. ಲೈಸೆನ್ಸ್ ಕೈಗೆ ಬಂದ ಮೇಲೆ ಅಂಗಡಿಗೆ ಬಂದು ನನ್ನ ಮೇಜಿನ ಮೇಲೆ ಇಟ್ಟ. “ಅಣ್ಣ, ಮೊದ್ಲು ನಿಂಗೇ ತೋರಿಸ್ತಿರೋದು” ಅಂದ. ಖುಷಿಯಾಯಿತು ಎಂದೆ. ಅಂದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಆಮೇಲೆ ಆ ಕ್ಲಬ್ಬಿನ ಹಳಬರಾದ ಒಬ್ಬ ವಯಸ್ಸಾದ ಡಾಕ್ಟರು ಮಂಡಿನೋವಿನಿಂದ ಹಾರುವುದು ಬಿಟ್ಟರೆಂದು, ಅವರ ಗ್ಲೈಡರನ್ನು ಕೊಂಡುಕೊಂಡ. ರೆಕ್ಕೆಗಳನ್ನು ಬಿಚ್ಚಿ ಉದ್ದನೆಯ ಟ್ರೇಲರಿನಲ್ಲಿ ಮಲಗಿಸಿ ತಂದರು. ಅದನ್ನು ಎದುರುಗೊಳ್ಳಲು ನನ್ನನ್ನು ಬಿಳಿಕೆರೆಗೆ ಕರೆದಿದ್ದ. ಅಲ್ಲಿ ಹೆದ್ದಾರಿಯಲ್ಲಿ ಪೊಲೀಸರು ನಿಲ್ಲಿಸಿ, “ಏನ್ರೀ ಇದು, ಬೋರ್‌ವೆಲ್ ಪೈಪಾ?” ಅಂದರು. “ವಿಮಾನ ಸಾರ್” ಅಂದ ತಮ್ಮ. ಪೊಲೀಸಿನವರು ನಕ್ಕು, ಹೊದಿಕೆ ಎತ್ತಿ ನೋಡಿ, ಅದರ ಪಕ್ಕ ಅವನನ್ನು ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ತೆಗೆದವನು ನಾನು.

ನಮ್ಮ ಕಡೆ ವಸ್ತು ಕೊಂಡ ಮೇಲೆ ಹೆಸರು ಬದಲಾಯಿಸುವ ಆತುರ ಯಾರಿಗೂ ಇಲ್ಲ. ತೀರಿಹೋದ ತಾತನ ಖಾತೆಯಲ್ಲೇ ಮೊಮ್ಮಗ ಹೊಲ ಉಳುತ್ತಿರುತ್ತಾನೆ. ಮೂರು ಕೈ ಬದಲಾದ ಬೈಕು ಇನ್ನೂ ಮೊದಲಿನವನ ಹೆಸರಿನಲ್ಲೇ ಓಡುತ್ತಿರುತ್ತದೆ. ಹುಣಸೂರಿನ ತಾಲ್ಲೂಕು ಕಚೇರಿಯ ಎದುರು ನನ್ನಂಥವರ ಅಂಗಡಿ ನಡೆಯುತ್ತಿರುವುದೇ ಈ ಸೋಮಾರಿತನದಿಂದ. ತಮ್ಮನೂ ಅದೇ ರಾಗ ತೆಗೆದ. “ಡಾಕ್ಟ್ರ ಎಸ್ರಲ್ಲೇ ಇರ್ಲಿ ಬುಡಣ್ಣ, ನಿಧಾನಕ್ಕೆ ನೋಡ್ಕಳವ.”

“ಅದೆಲ್ಲ ಆಗಲ್ಲ ಕಣೋ. ಇದು ಎತ್ತಿನಗಾಡಿ ಅಲ್ಲ. ಎಲ್ಲ ಕಾಗದ ತಂದ್ಕೊಡು, ನಾನೇ ಮಾಡಿಸ್ತೀನಿ” ಅಂದೆ.

ನನ್ನ ಕಾಳಜಿ ಕಂಡು ಅವನಿಗೆ ಕಣ್ಣು ತುಂಬಿ ಬಂತು. ನನಗೆ ಬೇಕಾಗಿದ್ದದ್ದು ಆ ಕಾಗದಗಳು. ಮೂವತ್ತು ವರ್ಷದಿಂದ ಕಾಗದ ಓದುತ್ತಿರುವವನು ನಾನು. ಎಂಥ ಗಟ್ಟಿ ಕ್ರಯಪತ್ರದಲ್ಲೂ ಒಂದು ಬಿರುಕು ಇರುತ್ತದೆ ಎಂದು ಗೊತ್ತು. ಆ ಬಿರುಕು ಸಿಕ್ಕರೆ ಗ್ಲೈಡರು ಶೆಡ್ಡಿನಲ್ಲೇ ಉಳಿಯುತ್ತದೆ ಎಂಬ ಆಸೆ.

ಅರ್ಜಿ ತುಂಬುವಾಗ ಮಾಲೀಕರ ಹೆಸರಿನ ಜಾಗಕ್ಕೆ ಬಂದಾಗ ಅವನು ತಡೆದು, “ನಿನ್ನೆಸ್ರೂ ಸೇರ್ಸಣಾ? ಇಬ್ರೆಸ್ರಲ್ಲಿ ಇರ್ಲಿ” ಅಂದ. “ನಂಗ್ಯಾಕೋ, ನಿನ್ ವಸ್ತು ನಿಂಗಿರ್ಲಿ” ಅಂದೆ. ನಮ್ಮಲ್ಲಿ ಎರಡನೇ ಸಲ ಹೇಳಿದ ಮೇಲೆಯೇ ಒಪ್ಪುವುದು ಮರ್ಯಾದೆ. ಊಟಕ್ಕೆ ಕರೆದರೂ ಅಷ್ಟೇ, ಹೋಳಿಗೆ ಬಡಿಸಿದರೂ ಅಷ್ಟೇ. ಅವನು ಎರಡನೇ ಸಲ ಕೇಳಲಿಲ್ಲ. “ಅದೂ ಸರಿಯೇ ಬುಡು” ಎಂದು ಸಹಿ ಹಾಕಿಬಿಟ್ಟ. ಅವತ್ತು ಅವನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ಗ್ಲೈಡರಿನ ಲಾಗ್ ಪುಸ್ತಕಗಳನ್ನು ನಾನು ಹದಿನೈದು ದಿನ ಓದಿದೆ. ಅದು ತಯಾರಾದ ದಿನದಿಂದ ಎಷ್ಟು ಸಲ ಹಾರಿತು, ಎಷ್ಟು ಗಂಟೆ, ಎಲ್ಲಿ ಬಣ್ಣ ಹೋಯಿತು, ಯಾವ ಮೊಳೆ ಬದಲಾಯಿತು, ಎಲ್ಲ ಅದರಲ್ಲಿತ್ತು. ಮೊಸರಲ್ಲಿ ಕಲ್ಲು ಹುಡುಕುವುದೆಂದರೆ ಅದೇ. ಮೂರನೆಯ ಪುಸ್ತಕದಲ್ಲಿ ಕಲ್ಲು ಸಿಕ್ಕಿತು. ಡಾಕ್ಟರು ಒಮ್ಮೆ ಗ್ಲೈಡರನ್ನು ಜೋರಾಗಿ ನೆಲಕ್ಕೆ ಕುಕ್ಕಿದ್ದರು. ಬಲ ರೆಕ್ಕೆಯ ಬುಡಕ್ಕೆ ಪೆಟ್ಟು. “ತಪ್ಪು ನನ್ನದು, ವೇಗ ಕಡಿಮೆಯಿತ್ತು” ಎಂದು ಇಂಗ್ಲಿಷಿನಲ್ಲಿ ಅವರದೇ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದರು. ನಾನು ಓದುತ್ತಲೇ ತಮ್ಮನಿಗೆ ಫೋನು ಹಚ್ಚಿದೆ. ಅದು ರಿಂಗಾಗುತ್ತಿರುವಾಗ ಪುಟ ತಿರುಗಿಸಿದೆ. ಮುಂದಿನ ಪುಟದಲ್ಲಿ ಇಂಜಿನಿಯರು ರೆಕ್ಕೆ ಬಿಚ್ಚಿಸಿ ರಿಪೇರಿ ಮಾಡಿಸಿ, ಪರೀಕ್ಷೆ ಮಾಡಿ, ಹಾರಲು ಯೋಗ್ಯ ಎಂದು ಮೊಹರು ಒತ್ತಿದ್ದರು.

“ಏನಣ್ಣ?” ಅಂದ ತಮ್ಮ ಅತ್ತ ಕಡೆಯಿಂದ.

“ಏನಿಲ್ಲ. ಎಲ್ಲ ಸರಿಯಾಗಿದೆ ಅಂತ ಹೇಳೋಣ ಅಂತ” ಅಂದೆ. ಒಬ್ಬ ಮನುಷ್ಯ ಕೂತು ಹಾರುವ ವಸ್ತು ಗಟ್ಟಿಯಾಗಿದೆ ಎಂದು ತಿಳಿದು ನಿರಾಸೆ ಪಟ್ಟವನು ನಾನು. ಆ ಸಂಜೆ ಅಂಗಡಿ ಬೇಗ ಮುಚ್ಚಿದೆ.

ಕೆಲವು ತಿಂಗಳಲ್ಲಿ ನೋಂದಣಿ ಪತ್ರ ಬಂತು. ಹಾರುವ ಯೋಗ್ಯತೆಯ ಪತ್ರ, ತೂಕದ ಪತ್ರ, ಅವನ ಬಯಲಿನಿಂದ ಹಾರಿಸಲು ಬೇಕಾದ ಒಪ್ಪಿಗೆಗಳು ಒಂದೊಂದಾಗಿ ಬಂದವು. ಎಲ್ಲದಕ್ಕೂ ಓಡಾಡಿದವನು ನಾನೇ, ಎಲ್ಲದರಲ್ಲೂ ಹೆಸರು ಅವನದೇ. ಹೊಗೆಸೊಪ್ಪು ಬೆಳೆಯುತ್ತಿದ್ದ ಹೊಲವನ್ನು ಮಟ್ಟ ಮಾಡಿ ಹುಲ್ಲು ಬಿಟ್ಟಿದ್ದ. ಬ್ಯಾರನ್ನಿನ ಪಕ್ಕ ಉದ್ದನೆಯ ಶೆಡ್ಡು ಎಬ್ಬಿಸಿದ್ದ. ವಿಜಯದಶಮಿಯ ದಿನ ಮೊದಲ ಹಾರಾಟ ಎಂದು ನಿಶ್ಚಯವಾಯಿತು. ಅದರ ಹಿಂದಿನ ದಿನ ಆಯುಧಪೂಜೆ.

ಅವತ್ತು ನಮ್ಮ ಮನೆಗಳಲ್ಲಿ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ನನ್ನ ಹೆಂಡತಿ ಕಂಪ್ಯೂಟರಿನ ಕೀಲಿಮಣೆಗೂ ಬೊಟ್ಟಿಡುತ್ತಾಳೆ. ಒಂದು ವರ್ಷ ಗಂಧ ಒಣಗಿ ಒಂದು ಕೀಲಿ ಕಚ್ಚಿಕೊಂಡು ದೀಪಾವಳಿಯವರೆಗೆ ಪೇಚಾಡಿದ್ದೆ. ಗ್ಲೈಡರನ್ನು ಜೋಡಿಸಿ ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಬಾಳೆಕಂದು ಕಟ್ಟಿದ್ದರು, ಮೂತಿಗೆ ಚೆಂಡುಹೂವಿನ ಹಾರ. ತಮ್ಮನ ಹೆಂಡತಿ ಒಂದು ದೊಡ್ಡ ಬಟ್ಟಲಿನಲ್ಲಿ ಗಂಧ, ವಿಭೂತಿ ಕಲಸಿಕೊಂಡು ಬಂದಳು. “ಬಾವ, ಈ ಆರತಿ ತಟ್ಟೆ ಒಸಿ ಇಡ್ಕಳಿ” ಎಂದು ನನ್ನ ಕೈಗೆ ತಟ್ಟೆ ಕೊಟ್ಟಳು. ಅವಳು ಮುಂದೆ, ನಾನು ತಟ್ಟೆ ಹಿಡಿದು ಹಿಂದೆ, ಗ್ಲೈಡರಿನ ಸುತ್ತ ಹೊರಟೆವು.

ಗ್ಲೈಡರಿನ ಒಡಲಿನ ಎರಡೂ ಪಕ್ಕಗಳಲ್ಲಿ, ರೆಕ್ಕೆಗಿಂತ ಹಿಂದೆ, ಗುಂಡುಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಕಾಲೇಜಿನಲ್ಲಿ ನಮಗೆ ಕಲಿಸಿದ ಶಿಕ್ಷಕರು ಅದನ್ನು ಮೊದಲ ದಿನವೇ ತೋರಿಸಿದ್ದರು. ಆ ತೂತಿನಿಂದ ಗಾಳಿಯ ಒತ್ತಡ ಒಳಗಿನ ಗಡಿಯಾರದಂಥ ಮಾಪಕಗಳಿಗೆ ಹೋಗುತ್ತದೆ, ಎಷ್ಟು ವೇಗ, ಎಷ್ಟು ಎತ್ತರ ಎಂದು ಮುಳ್ಳು ತೋರಿಸುವುದು ಅದರಿಂದಲೇ, ಅದು ಮುಚ್ಚಿದರೆ ಮುಳ್ಳು ಸುಳ್ಳು ಹೇಳುತ್ತದೆ, ಸುಳ್ಳು ನಂಬಿದವನು ಕೆಳಗೆ ಬೀಳುತ್ತಾನೆ ಎಂದಿದ್ದರು. ಯಾರೂ ಅದನ್ನು ಮುಚ್ಚದಿರಲಿ ಎಂದೇ ತೂತಿನ ಸುತ್ತ ಕೆಂಪು ಬಣ್ಣದ ಉಂಗುರ ಬರೆದಿರುತ್ತಾರೆ. ತಮ್ಮನ ಹೆಂಡತಿ ಆ ಉಂಗುರ ಕಂಡು ನಿಂತಳು.

“ನೋಡಿ ಬಾವ, ಬೊಟ್ಟಿಡಕ್ಕೆ ಅಂತ್ಲೇ ಗುಂಡ್ಗೆ ಬರ್ದವ್ರೆ. ಫಾರಿನ್ನೋರ್ಗೂ ಗೊತ್ತೈತೆ” ಅಂದಳು. ಹೆಬ್ಬೆರಳಿನಲ್ಲಿ ಗಂಧ ತೆಗೆದು ಉಂಗುರದ ನಟ್ಟನಡುವೆ ಒತ್ತಿ, ಅದರ ಮೇಲೆ ಕುಂಕುಮ ಮೆತ್ತಿದಳು. ಎಷ್ಟು ಅಚ್ಚುಕಟ್ಟಾಗಿ ಇಟ್ಟಳೆಂದರೆ ಒಂದು ಚೂರೂ ಉಂಗುರದ ಆಚೆ ಹೋಗಲಿಲ್ಲ.

ನನ್ನ ಬಾಯಿ ತೆರೆದಿತ್ತು. “ಅಲ್ಲಿ ಬ್ಯಾಡ ಕಣಮ್ಮ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೇ ಹೊತ್ತಿಗೆ ಗ್ಲೈಡರಿನ ಮೂತಿಯ ಹತ್ತಿರ ನಿಂತಿದ್ದ ತಮ್ಮನ ದನಿ ಕೇಳಿಸಿತು. ರೆಸಾರ್ಟಿನಿಂದ ಬಂದಿದ್ದ ನಾಲ್ಕು ಜನಕ್ಕೆ ಅವನು ಹೇಳುತ್ತಿದ್ದ: “ಹಗ್ಗ ಕಳಚ್ಕೊಂಡ್ಮೇಲೆ ಸದ್ದೇ ಇರಲ್ಲ ಸಾರ್. ಗಾಳಿ ಬಂದು ಕಿವೀಲಿ ಗುಟ್ಟು ಹೇಳ್ದಂಗಿರ್ತದೆ.” ಅವರು ತಲೆದೂಗಿದರು. ಒಬ್ಬರು ವಾಹ್ ಎಂದರು.

ನನ್ನ ಮಾತು. ಅಕ್ಷರಕ್ಷರ ನನ್ನದು. ನನ್ನ ಹತ್ತಿರ ಇದ್ದದ್ದು ಅದೊಂದೇ, ಅದನ್ನೂ ತೆಗೆದುಕೊಂಡಿದ್ದ. ನಾನು ಬಾಯಿ ಮುಚ್ಚಿದೆ. ಅವಳು ಆ ಪಕ್ಕಕ್ಕೆ ಹೋಗಿ ಇನ್ನೊಂದು ಉಂಗುರದ ನಡುವೆಯೂ ಬೊಟ್ಟಿಟ್ಟಳು. ನಾನು ತಟ್ಟೆ ಹಿಡಿದು ನಿಂತಿದ್ದೆ. ನಾಳೆ ಪರೀಕ್ಷೆ ಮಾಡುವಾಗ ಇವನಿಗೇ ಕಾಣಿಸಲಿ, ಎಲ್ಲರೆದುರು ಪೆಚ್ಚಾಗಲಿ ಎಂದುಕೊಂಡೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಂಥ ಲೆಕ್ಕ. ಪೂಜೆ ಮುಗಿದ ಮೇಲೆ ಅವಳು ಬೂದುಗುಂಬಳಕಾಯಿ ತಂದುಕೊಟ್ಟು, “ದೊಡ್ಡೋರು ನೀವೇ ದೃಷ್ಟಿ ತೆಗೀರಿ ಬಾವ, ಯಾರ್ ಕಣ್ಣೂ ಬೀಳ್ದಿರ್ಲಿ” ಅಂದಳು. ಮೂರು ಸುತ್ತು ನೀವಾಳಿಸಿ ಒಡೆದೆ.

ಮಾರನೆಯ ದಿನ ಎಂಟು ಗಂಟೆಗೆ ಊರವರೆಲ್ಲ ಬದುವಿನ ಮೇಲೆ ಸೇರಿದ್ದರು. ಹಾರುವ ಮೊದಲು ದಿನದ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಬೇಕು. ಅದರಲ್ಲಿ ಇಪ್ಪತ್ತು ಸಾಲು. ನಾನು ಓದಬೇಕು, ತಮ್ಮ ಸುತ್ತಿ ನೋಡಿ ಹೇಳಬೇಕು, ನಾನು ಗುರುತು ಹಾಕಬೇಕು, ಕೊನೆಗೆ ಅವನು ಸಹಿ ಮಾಡಬೇಕು. ಹೀಗೆಂದು ನಾವೇ ಗೊತ್ತು ಮಾಡಿಕೊಂಡಿದ್ದೆವು. ಬೆಳಿಗ್ಗೆ ಎದ್ದು ಅವನು ಇಡೀ ಗ್ಲೈಡರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದ. ವಿಭೂತಿ ಕುಂಕುಮ ಎಲ್ಲ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಒರೆಸಿದಾಗ ಮೇಲಿನದು ಹೋಗುತ್ತದೆ, ತೂತಿನೊಳಗಿನದು ಇನ್ನೂ ಒಳಗೆ ಹೋಗುತ್ತದೆ. ಅದು ನನಗೆ ಗೊತ್ತು. ಕೀಲಿಮಣೆಯಿಂದ ಕಲಿತ ಪಾಠ.

ಏಳನೆಯ ಸಾಲಿಗೆ ಬಂದೆ. “ಪಕ್ಕದ ತೂತುಗಳು, ಎರಡೂ ಕಡೆ” ಎಂದು ಓದಿದೆ.

ತಮ್ಮ ಬಾಲದ ಹತ್ತಿರವಿದ್ದ. ಅಲ್ಲಿಂದಲೇ ನೋಡಿ, “ಸರಿ ಐತೆ” ಅಂದ. “ಈಗ್ತಾನೆ ಒರೆಸಿವ್ನಿ.”

ನಾನು ಗುರುತು ಹಾಕಿದೆ. ಎಂಟನೆಯ ಸಾಲು ಓದಿದೆ. ಕೊನೆಯ ಗಳಿಗೆಯಲ್ಲಿ ಎಲ್ಲರೆದುರು ತಡೆದು ನಿಲ್ಲಿಸೋಣ ಎಂದುಕೊಂಡಿದ್ದೆನೋ, ಹೇಳುವುದೇ ಬೇಡ ಎಂದುಕೊಂಡಿದ್ದೆನೋ ನನಗೆ ಈಗಲೂ ತಿಳಿಯದು. ತಿಳಿಯದು ಎಂದು ಬರೆಯುವುದೂ ಅರ್ಧ ಸುಳ್ಳೇ. ಇಪ್ಪತ್ತು ಸಾಲೂ ಮುಗಿದವು. ಅವನು ಸಹಿ ಹಾಕಿ, ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದುಕೊಂಡ. ಹಗ್ಗ ಎಳೆಯುವ ಯಂತ್ರ ಬಯಲಿನ ಆ ತುದಿಯಲ್ಲಿ ಗುಡುಗುಡು ಎನ್ನತೊಡಗಿತು. ಮುಚ್ಚಳ ಮುಚ್ಚುವ ಮುಂಚೆ ಅವನು ನನ್ನ ಕಡೆ ತಿರುಗಿದ.

“ಅಣ್ಣ, ಹಿಂದ್ಗಡೆ ನೀನ್ ಬಾ.”

“ನಾನಾ?”

“ಮೊದಲ್ನೇ ಸಲ ನಿನ್ನೇ ಕರ್ಕೊಂಡೋಗ್ಬೇಕು ಅಂತಿದ್ದೆ. ಯೋಳಿರ್ಲಿಲ್ಲ ಅಷ್ಟೆಯ. ನೀನ್ ಯೋಳ್ತಿದ್ದ ಕತೆ ಕೇಳೇ ಅಲ್ವಾ ನಾನು ಕಲ್ತಿದ್ದು.”

ಬದುವಿನ ಮೇಲಿನ ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸೀಟು ನೋಡಿದೆ, ಅದರ ಬೆಲ್ಟು ನೋಡಿದೆ. ಆಮೇಲೆ ನನ್ನ ಬಾಯಿಂದ ಮಾತು ತಾನಾಗಿ ಬಂತು: “ತಡಿ. ಇಳಿ ಕೆಳಕ್ಕೆ. ಪಕ್ಕದ ತೂತು ಇನ್ನೊಂದ್ಸಲ ನೋಡು.”

ಅವನು ಇಳಿದು ಬಂದ. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದ. ತೂತಿನೊಳಗೆ ಕೆಂಪಗೆ ಗಟ್ಟಿಯಾಗಿ ಕೂತಿತ್ತು. ಆ ಪಕ್ಕಕ್ಕೆ ಹೋದ. ಅಲ್ಲೂ ಅದೇ. ಅವನ ಮುಖ ಸುಣ್ಣದ ಹಾಗಾಯಿತು. ಗ್ಲೈಡರನ್ನು ಪರೀಕ್ಷಿಸುವ ಇಂಜಿನಿಯರಿಗೆ ಫೋನು ಮಾಡಿದ. ಕಡ್ಡಿ ಹಾಕಿ ಕೆದಕಬೇಡಿ, ಹಾರಿಸಲೂ ಬೇಡಿ, ನಾನು ಬಂದು ನೋಡುತ್ತೇನೆ ಎಂದರು ಅವರು. ಯಂತ್ರ ನಿಲ್ಲಿಸಿದರು. ಜನ ಗೊಣಗುತ್ತ ಕರಗಿದರು.

ತಮ್ಮ ನನ್ನನ್ನು ತಬ್ಬಿಕೊಂಡ. “ನೀನಿಲ್ದೇ ಇದ್ದಿದ್ರೆ ನನ್ನ ಎಣ ಎತ್ಬೇಕಾಗಿತ್ತು ಅಣ್ಣ” ಅಂದ. ಪುಸ್ತಕ ತೆಗೆದು ಏಳನೆಯ ಸಾಲು ನೋಡಿದ. ಅಲ್ಲಿ ನನ್ನ ಗುರುತು ಇತ್ತು. “ಇದು ನಂದೇ ತಪ್ಪು. ನಾನ್ ನೋಡ್ದೆ ಸರಿ ಅಂದೆ, ನೀನ್ ಹಾಕ್ದೆ” ಎಂದು ಅದರ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದ. ಇಂಥ ಪುಸ್ತಕಗಳಲ್ಲಿ ಅಳಿಸುವಂತಿಲ್ಲ, ಗೆರೆಯ ಕೆಳಗೆ ಹಳೆಯದು ಕಾಣುತ್ತಿರಬೇಕು. ಕೆಳಗೆ ದೋಷದ ಜಾಗದಲ್ಲಿ ಪತ್ತೆ ಹಚ್ಚಿದವರು ಎಂದು ನನ್ನ ಪೂರ್ತಿ ಹೆಸರು ಬರೆದ. ಅದರ ವರದಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ದೆಹಲಿಗೆ ಕಳುಹಿಸಿದವನೂ ನಾನೇ. ನನ್ನ ಹೆಸರನ್ನು ನಾನೇ ಟೈಪಿಸಿದೆ. ಅಷ್ಟು ದಿನ ಯಾವ ಕಾಗದದಲ್ಲಿ ನನ್ನ ಹೆಸರಿಲ್ಲ ಎಂದು ಉರಿದಿದ್ದೆನೋ, ಆ ಕಾಗದದಲ್ಲಿ ಈಗ ಇತ್ತು. ಎರಡು ಸಲ ಓದಿದೆ. ನಾಚಿಕೆಯ ಜೊತೆಗೆ ಒಂದು ಚೂರು ಸಂತೋಷವೂ ಆಯಿತೆಂದು ಹೇಳಲೇಬೇಕು.

ಬೈಸಿಕೊಂಡವಳು ತಮ್ಮನ ಹೆಂಡತಿ. ಅವಳ ಅತ್ತೆ, ನನ್ನ ಚಿಕ್ಕಮ್ಮ, ಊರಿಗೆಲ್ಲ ಕೇಳುವಂತೆ, “ಕಂಡ್‌ಕಂಡ ಕಡೆ ಕುಂಕುಮ ಮೆತ್ತಿ ಗಂಡನ್ನೇ ತಿನ್ತಿದ್ದಳಲ್ಲ” ಅಂದರು. ಅವಳು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ನನ್ನ ಹೆಂಡತಿ ಬಂದು ಹೇಳಿದಳು. ನಾನು ಕೇಳಿಸಿಕೊಂಡು ಪೇಪರು ಓದುತ್ತಿದ್ದೆ.

ಇಂಜಿನಿಯರು ಬಂದು ನಳಿಕೆ ಬಿಚ್ಚಿ ತೊಳೆದು, ಮುಳ್ಳುಗಳನ್ನು ಪರೀಕ್ಷಿಸಿ ಸರಿಯಿದೆ ಎಂದು ಬರೆದರು. ಪುಸ್ತಕ ಓದಿ, “ಇಂಥ ಒಬ್ಬರು ಜೊತೆಗಿದ್ದರೆ ಸಾಕು” ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಹೊಗಳಿದರೂ ಮುಟ್ಟಿ ನೋಡಿಕೊಳ್ಳುತ್ತಾನೆಂದು ಅವತ್ತು ತಿಳಿಯಿತು. ಇಂಜಿನಿಯರನ್ನು ಬಸ್ಸಿಗೆ ಬಿಡಲು ತಮ್ಮ ಜೀಪು ತೆಗೆದ. ಜಗಲಿಯ ಮೇಲೆ ನಾನೊಬ್ಬನೇ ಕೂತಿದ್ದೆ. ಅವನ ಹೆಂಡತಿ ಕಾಫಿ ತಂದು ಮುಂದಿಟ್ಟಳು. ಒಳಗೆ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತಳು.

“ಆವತ್ತು ನೀವು ಅಲ್ಲೇ ಇದ್ರಿ ಅಲ್ವಾ ಬಾವ?” ಅಂದಳು.

“ಯಾವತ್ತು?”

“ನಾನು ಬೊಟ್ಟಿಡುವಾಗ. ತಟ್ಟೆ ನಿಮ್ ಕೈಲಿತ್ತು.”

ಗಮನಿಸಲಿಲ್ಲ ಅನ್ನಬಹುದಿತ್ತು. ಹೊಗೆ ಕಣ್ಣಿಗೆ ಬಂತು ಅನ್ನಬಹುದಿತ್ತು. ತಾಲ್ಲೂಕು ಕಚೇರಿಯ ಎದುರು ಕೂತು ಬೇರೆಯವರಿಗೆ ಇಂಥ ಉತ್ತರಗಳನ್ನು ಬರೆದುಕೊಟ್ಟೇ ಜೀವನ ಮಾಡಿದವನು ನಾನು.

“ಇದ್ದೆ” ಅಂದೆ.

ಅವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅವ್ರಿಗೆ ನಾನೇನು ಯೋಳಲ್ಲ ಬುಡಿ” ಅಂದಳು. “ಅಣ್ಣ ಅಣ್ಣ ಅಂತ ಸಾಯ್ತಾರೆ. ಕಾಫಿ ಆರೋಯ್ತದೆ, ಕುಡೀರಿ.”

ಅದರ ಮುಂದಿನ ಭಾನುವಾರ ಹಾರಾಟ ಎಂದು ತಮ್ಮ ಫೋನು ಮಾಡಿದ. ಹೋಗದಿದ್ದರೆ ಯಾಕೆ ಎಂದು ಕೇಳುತ್ತಾನೆ, ಹೋದರೆ ಅವಳ ಮುಖ ನೋಡಬೇಕು. ಹೋದೆ. ಈ ಸಲ ಬದುವಿನ ಮೇಲೆ ಜನ ಇರಲಿಲ್ಲ. ನಾನು ಪುಸ್ತಕ ತೆರೆದು, ಪೆನ್ನಿನ ಟೋಪಿ ತೆಗೆಯುವಷ್ಟರಲ್ಲಿ ಅವಳು ಮನೆಯ ಕಡೆಯಿಂದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ನನ್ನ ಮುಂದೆ ನಿಂತು ಕೈ ಚಾಚಿದಳು.

“ಪುಸ್ತಕ ಕೊಡಿ ಬಾವ. ಇನ್ಮೇಲೆ ನಾನ್ ಓದ್ತೀನಿ.”

ತಮ್ಮ ನಕ್ಕ. “ನಿಂಗೆ ಇಂಗ್ಲಿಷು ಬತ್ತದಾ?”

“ಇಪ್ಪತ್ತು ಸಾಲು ತಾನೆ. ಮಗಳು ಫೋನಲ್ಲಿ ಯೋಳ್ಕೊಟ್ಟವ್ಳೆ, ಕನ್ನಡದಲ್ಲಿ ಬರ್ಕೊಂಡು ಕಲ್ತಿವ್ನಿ.”

“ಅಣ್ಣ ಇದ್ದಾನಲ್ಲ, ನಿಂಗ್ಯಾಕೆ?”

“ಬಾವಂಗೆ ಅಂಗಡಿ ಕೆಲ್ಸ ಇರ್ತದೆ. ದಿನಾ ಬರಕ್ಕಾಯ್ತದಾ” ಅಂದಳು. ಅವನನ್ನು ನೋಡಿಕೊಂಡೇ ಹೇಳಿದಳು. ನಾನು ಪುಸ್ತಕ ಕೊಟ್ಟೆ, ಪೆನ್ನನ್ನೂ ಕೊಟ್ಟೆ.

ಅವಳು ತಡವರಿಸುತ್ತ ಒಂದೊಂದೇ ಸಾಲು ಓದಿದಳು. ಏಳನೆಯ ಸಾಲಿಗೆ ಬಂದಾಗ ತಮ್ಮ ಸರಿ ಐತೆ ಅಂದ. ಅವಳು ಅವನ ಮಾತಿಗೆ ಗುರುತು ಹಾಕಲಿಲ್ಲ. ಹುಲ್ಲಿನ ಮೇಲೆ ಮಂಡಿಯೂರಿ, ಬೆಳಕು ಬಿಟ್ಟು, ಕೆಂಪು ಉಂಗುರದ ಹತ್ತಿರ ಕಣ್ಣಿಟ್ಟು ನೋಡಿದಳು. ಎದ್ದು ಆ ಪಕ್ಕಕ್ಕೆ ಹೋಗಿ ಅಲ್ಲೂ ನೋಡಿದಳು. ಆಮೇಲೆ ಬರೆದಳು. ಗುರುತು ದಪ್ಪಗೆ, ಸೊಟ್ಟಗೆ ಬಿತ್ತು, ಸ್ಲೇಟಿನ ಮೇಲೆ ಬರೆಯುವವರ ಹಾಗೆ. ನನ್ನ ನೀಟಾದ ಗುರುತಿನ ಪುಟ ಅದರ ಹಿಂದೆಯೇ ಇತ್ತು. ಹೊಟ್ಟೆಕಿಚ್ಚು ಎಲ್ಲ ತೀರಿತು ಎಂದುಕೊಂಡಿದ್ದೆ. ಅವಳ ಆ ಸೊಟ್ಟ ಗುರುತು ಕಂಡು ಮತ್ತೆ ಹೊಟ್ಟೆ ಉರಿಯಿತು. ಮೂವತ್ತು ವರ್ಷದಲ್ಲಿ ನಾನು ಹಾಕಿದ ಒಂದು ಗುರುತನ್ನೂ ಅಷ್ಟು ನಂಬಿ ಹಾಕಿರಲಿಲ್ಲ.

ತಮ್ಮ ಮುಂದಿನ ಸೀಟಿನಲ್ಲಿ ಕೂತ. “ಬಾ ಅಣ್ಣ” ಎಂದು ಕರೆದ. ಮಂಡಿನೋವು, ಇನ್ನೊಂದು ದಿನ ನೋಡೋಣ ಎಂದು ಏನೋ ಹೇಳಹೊರಟೆ. ಅವಳು ಪುಸ್ತಕವನ್ನು ಎದೆಗವಚಿಕೊಂಡು ಹಿಂದಿನ ಸೀಟಿನ ಪಕ್ಕದಲ್ಲಿ ನಿಂತಿದ್ದಳು. ಬೆಲ್ಟನ್ನು ಸರಿಮಾಡಿ ನನಗೆ ಜಾಗ ಬಿಟ್ಟಳು.

“ಕೂತ್ಕಳಿ ಬಾವ, ಎದರ್ಬ್ಯಾಡಿ” ಅಂದಳು. ತಮ್ಮನಿಗೆ ಕೇಳಿಸದ ಹಾಗೆ, ಮೆತ್ತಗೆ. “ನಾನೇ ನೋಡಿವ್ನಿ.”

ಹತ್ತಿ ಕೂತೆ.